ಕಿಡ್ನಿ ಸೋತಿದೆ ಎಂಬುದೇ ಉತ್ತರವಲ್ಲ

ಡಯಾಲಿಸಿಸ್ ರೋಗಿಯ ಹೃದಯ ನಿಂತಾಗ ಎದೆ ಒತ್ತಿ ಬದುಕಿಸಲು (ಸಿಪಿಆರ್) ನೋಡಬೇಕೇ? ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳಿವೆ. 'ಕಿಡ್ನಿಯೇ ಹೋಗಿದೆ, ಇನ್ನೇನು ಪ್ರಯೋಜನ' ಎಂಬುದು ಒಂದು. ರೋಗಿಯ ಇಷ್ಟ ತಿಳಿಯದೆಯೇ ಸಿಪಿಆರ್ ಶುರುಮಾಡುವುದು ಇನ್ನೊಂದು. ಮೊದಲನೆಯದಕ್ಕೆ ಬಹುಕಾಲ ಆಧಾರ ಒದಗಿಸಿದ್ದು 1992ರ ಒಂದು ಅಮೆರಿಕನ್ ಅಧ್ಯಯನ. ಸಿಪಿಆರ್ ಪಡೆದ 74 ಡಯಾಲಿಸಿಸ್ ರೋಗಿಗಳಲ್ಲಿ ಮನೆಗೆ ಮರಳಿದವರು ಶೇ. 8, ಆರು ತಿಂಗಳ ನಂತರ ಉಳಿದವರು ಶೇ. 3. ಆದರೆ 2000ರಿಂದ 2011ರವರೆಗಿನ ದೊಡ್ಡ ಅಂಕಿಅಂಶ ತೆಗೆದರೆ ಆಸ್ಪತ್ರೆಯಿಂದ ಬಿಡುಗಡೆಯಾದವರು ಸುಮಾರು ಶೇ. 22. ಹಾಗೆಂದು ಹಿಗ್ಗುವಂತೆಯೂ ಇಲ್ಲ: ಹಾಗೆ ಬದುಕಿ ಬಂದವರಲ್ಲಿ ಅರ್ಧದಷ್ಟು ಮಂದಿ ಸುಮಾರು ಐದು ತಿಂಗಳೊಳಗೆ ತೀರಿಕೊಂಡರು.

ಈ ಸರಾಸರಿಗಳು ಹೃದಯ ನಿಂತದ್ದೇಕೆ ಎಂಬುದನ್ನೇ ಮರೆಮಾಚುತ್ತವೆ. ವಾರಕ್ಕೆ ಮೂರು ಸಲದ ಡಯಾಲಿಸಿಸ್‌ನಲ್ಲಿ ಎರಡು ದಿನದ ಬಿಡುವಿನ ನಂತರ ಸಾವು ಹೆಚ್ಚು ಎಂದು 2011ರ ಅಧ್ಯಯನವೊಂದು ತೋರಿಸಿತು. ಆ ಬಿಡುವಿನಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರುತ್ತದೆ, ನೀರು ತುಂಬಿಕೊಳ್ಳುತ್ತದೆ. ಖರ್ಚು, ದೂರ ಎಂದು ವಾರಕ್ಕೆರಡೇ ಸಲ ಬರುವವರು ನಮ್ಮಲ್ಲಿ ಬಹಳ. ಅವರ ಬಿಡುವು ಇನ್ನೂ ಉದ್ದ. ಪೊಟ್ಯಾಸಿಯಂನಿಂದ ನಿಂತ ಹೃದಯಕ್ಕೆ ಮದ್ದಿದೆ: ರಕ್ತನಾಳಕ್ಕೆ ಕ್ಯಾಲ್ಸಿಯಂ, ಬೈಕಾರ್ಬನೇಟ್. ಅದಕ್ಕೂ ಬಗ್ಗದಿದ್ದರೆ ಸಿಪಿಆರ್ ನಡೆಯುತ್ತಿರುವಾಗಲೇ ಡಯಾಲಿಸಿಸ್ ಮಾಡುವುದನ್ನು ಯೋಚಿಸಿ ಎನ್ನುತ್ತದೆ 2021ರ ಯುರೋಪಿನ ಮಾರ್ಗಸೂಚಿ. ಹೀಗೆ ಪೊಟ್ಯಾಸಿಯಂನಿಂದ ಹೃದಯ ನಿಂತ ಮೂವತ್ತರ ತರುಣನನ್ನೂ, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡು ಹಾಸಿಗೆ ಹಿಡಿದ ಎಂಬತ್ತರ ವೃದ್ಧರನ್ನೂ ಒಂದೇ ಶೇಕಡಾವಾರಿನಲ್ಲಿ ಅಳೆಯುವುದು ವೈದ್ಯವಲ್ಲ, ಬರೀ ಲೆಕ್ಕ.

ಹೃದಯ ನಿಂತ ಗಳಿಗೆಯಲ್ಲಿ ಇಷ್ಟೆಲ್ಲ ತೂಗಿ ನೋಡಲು ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದಲೇ ಆ ಮಾತು ಮೊದಲೇ ಆಗಬೇಕು. ಸಾವಿನ ಮಾತೆತ್ತಿದರೆ ರೋಗಿ ಧೈರ್ಯಗೆಡುತ್ತಾನೆ ಎಂಬ ವಾದ ಮಾತ್ರ ಒಪ್ಪುವಂಥದ್ದಲ್ಲ. ಹೆಚ್ಚಾಗಿ ಅದು ಪ್ರಶ್ನೆ ಕೇಳಬೇಕಾದವರ ಅಂಜಿಕೆ. 2001ರಲ್ಲಿ ಅಮೆರಿಕದ ಡಯಾಲಿಸಿಸ್ ರೋಗಿಗಳನ್ನು ಕೇಳಿದಾಗ ಬಹುಪಾಲು ಜನ ತಮಗೆ ಸಿಪಿಆರ್ ಬೇಕೆಂದರು. ಬೇಡವೆನ್ನುವವರ ಇಚ್ಛೆಯನ್ನು ಮನ್ನಿಸಬೇಕೆಂದೂ ಹೇಳಿದರು. ನಮ್ಮಲ್ಲಿ ರೋಗಿಗೆ ಪ್ರಜ್ಞೆ ತಪ್ಪಿದ ಮೇಲೆ ಐಸಿಯು ಬಾಗಿಲಲ್ಲಿ ನಿಂತ ಮಗನನ್ನು ಕೇಳುವುದೇ ರೂಢಿ. ವಾಸಿಯಾಗದ ಹಂತದಲ್ಲಿ ಯಾವ ಚಿಕಿತ್ಸೆ ಬೇಡವೆಂದು ಮುಂಚಿತವಾಗಿ ಬರೆದಿಡಲು ಸುಪ್ರೀಂ ಕೋರ್ಟ್ 2018ರಲ್ಲೇ ದಾರಿ ಮಾಡಿತು, 2023ರಲ್ಲಿ ಆ ವಿಧಾನವನ್ನು ಸರಳಗೊಳಿಸಿತು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಅದರ ಜಾರಿಗೆ ಆದೇಶ ಹೊರಡಿಸಿತು. ವಾರವಾರವೂ ಗಂಟೆಗಟ್ಟಲೆ ಕಣ್ಣೆದುರೇ ಮಲಗಿರುವ ರೋಗಿಯನ್ನು ಡಯಾಲಿಸಿಸ್ ಕೇಂದ್ರದ ವೈದ್ಯರೇ ಕೇಳಲಿ, ಅವರ ಉತ್ತರವನ್ನು ಫೈಲಿನ ಮೊದಲ ಪುಟದಲ್ಲಿ ಬರೆದಿಡಲಿ, ಆರೋಗ್ಯ ಬದಲಾದಾಗ ಮತ್ತೆ ಕೇಳಲಿ.