ಪಾಠ, ಪಾಠಾಂತರ ಮತ್ತು ಅನುಮತಿ: ಎರಡು ಹಳೆಯ ಕಂಪ್ಯೂಟರ್ ಆಟಗಳ ಜಾನಪದೀಯ ವಿಮರ್ಶೆ

ಜಾನಪದವನ್ನು ಹಳ್ಳಿ, ಅನಕ್ಷರತೆ ಮತ್ತು ಗತಕಾಲಗಳಿಗೆ ಮಾತ್ರ ಸೀಮಿತಗೊಳಿಸುವ ದೃಷ್ಟಿ ಬಹುಕಾಲದ ಹಿಂದೆಯೇ ಸಡಿಲಗೊಂಡಿದೆ. ಸಮಾನವಾದ ಒಂದು ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ‘ಜನಪದ’ವಾಗಬಲ್ಲದೆಂದು ಅಲನ್ ಡಂಡೆಸ್ ವಾದಿಸಿದರು. ಕಾರ್ಲ್ ಪ್ಯಾಗ್ಟರ್ ಅವರೊಡನೆ 1975ರಲ್ಲಿ ಪ್ರಕಟಿಸಿದ ಸಂಕಲನದಲ್ಲಿ, ಕಚೇರಿಗಳ ನಕಲು ಯಂತ್ರಗಳ ಮೂಲಕ ಹರಡುತ್ತಿದ್ದ ಹಾಸ್ಯಪತ್ರಗಳನ್ನೇ ಅವರು ಜಾನಪದ ಸಾಮಗ್ರಿಯಾಗಿ ಪರಿಗಣಿಸಿದರು. ಈ ವಿಸ್ತರಣೆಯ ಮುಂದುವರಿಕೆಯಾಗಿ ಮುಕ್ತ ತಂತ್ರಾಂಶವನ್ನು ‘ಆಧುನಿಕ ಜಾನಪದ’ ಎಂದು ಕರೆಯುವುದುಂಟು. ಯಾರೋ ಕಟ್ಟಿದ್ದು, ಎಲ್ಲರೂ ತಿದ್ದಿದ್ದು, ಯಾರ ಸ್ವತ್ತೂ ಅಲ್ಲದ್ದು ಎಂಬುದು ಈ ಹೋಲಿಕೆಯ ಆಧಾರ. ಅದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು ಎರಡು ಹಳೆಯ ಆಟಗಳ ಪಾಠಚರಿತ್ರೆಯ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗವಿಯ ಆಟ ಮತ್ತು ಮೂಲಪಾಠದ ಪ್ರಶ್ನೆ

ಅಮೆರಿಕದ ವಿಲ್ ಕ್ರೌದರ್ ವೃತ್ತಿಯಿಂದ ಕ್ರಮವಿಧಿಕಾರರು, ಹವ್ಯಾಸದಿಂದ ಗವಿಶೋಧಕರು. ಕೆಂಟಕಿಯ ಮ್ಯಾಮತ್ ಗವಿವ್ಯವಸ್ಥೆಯ ಒಂದು ಭಾಗವನ್ನು ಆಧರಿಸಿ, ತಮ್ಮ ಹೆಣ್ಣುಮಕ್ಕಳ ವಿನೋದಕ್ಕಾಗಿ ಅವರು 1975-76ರ ಸುಮಾರಿಗೆ ಫೋರ್ಟ್ರಾನ್ ಭಾಷೆಯಲ್ಲಿ ‘ಅಡ್ವೆಂಚರ್’ ಎಂಬ ಆಟವನ್ನು ಬರೆದರು. ಇದರಲ್ಲಿ ಚಿತ್ರವಿಲ್ಲ, ಆಟಗಾರನು ಒಂದೆರಡು ಪದಗಳ ಆಜ್ಞೆಯನ್ನು ಟಂಕಿಸಿದರೆ ಮುಂದಿನ ಸ್ಥಳದ ವರ್ಣನೆ ಮೂಡುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಡಾನ್ ವುಡ್ಸ್ ಈ ಆಟವನ್ನು ಅಕಸ್ಮಾತ್ತಾಗಿ ಕಂಡು, ಕರ್ತೃವಿನ ವಿಳಾಸ ತಿಳಿಯದೆ, ಆಗಿನ ಜಾಲದಲ್ಲಿದ್ದ ಎಲ್ಲ ಗಣಕಗಳ ‘ಕ್ರೌದರ್’ ಎಂಬ ಹೆಸರಿಗೂ ಪತ್ರ ಕಳುಹಿಸಿದರು. ಒಪ್ಪಿಗೆ ದೊರೆತ ಮೇಲೆ ಆಟವನ್ನು ಹಿಗ್ಗಿಸಿದರು. 1977ರ ಈ ವಿಸ್ತೃತ ಪಾಠವೇ ಲೋಕಪ್ರಸಿದ್ಧವಾಯಿತು. ಅದೇ ವರ್ಷ ಜಿಮ್ ಗಿಲ್ಲೋಗ್ಲಿ ಅದನ್ನು ಸಿ ಭಾಷೆಗೆ ತಂದರು. 1979ರಲ್ಲಿ ಮೈಕ್ರೋಸಾಫ್ಟ್ ತನ್ನದೊಂದು ರೂಪವನ್ನು ಮಾರಾಟಕ್ಕಿಟ್ಟಿತು.

ಕ್ರೌದರ್ ಅವರ ಮೂಲಪಾಠ ಕಳೆದುಹೋಗಿದೆಯೆಂದೇ ಬಹುಕಾಲ ಭಾವಿಸಲಾಗಿತ್ತು. ಆ ಅವಧಿಯಲ್ಲಿ, ವಾಸ್ತವ ಗವಿಯ ವರ್ಣನೆ ಕ್ರೌದರ್ ಅವರದು, ಕುಬ್ಜರು ಮತ್ತು ಮಂತ್ರಪದಗಳ ಅದ್ಭುತಲೋಕ ವುಡ್ಸ್ ಅವರದು ಎಂಬ ತೀರ್ಮಾನ ರೂಢಿಯಾಯಿತು. ವುಡ್ಸ್ ಅವರ ವಿದ್ಯಾರ್ಥಿಖಾತೆಯ ಹಳೆಯ ದಾಸ್ತಾನಿನಿಂದ ದೊರೆತ ಮೂಲಪಾಠವನ್ನು ಡೆನಿಸ್ ಜೆರ್ಜ್ ಅಭ್ಯಾಸ ಮಾಡಿ, ಗವಿಗೂ ಹೋಗಿ ತಾಳೆನೋಡಿ, 2007ರಲ್ಲಿ ಪ್ರಕಟಿಸಿದ ಸಂಶೋಧನೆ ಈ ತೀರ್ಮಾನವನ್ನು ಅಲ್ಲಗಳೆಯಿತು. ಕೊಡಲಿ ಎಸೆಯುವ ಕುಬ್ಜರೂ ಮಂತ್ರಪದವೂ ಮೊದಲ ಪಾಠದಲ್ಲೇ ಇದ್ದವು. ಶೈಲಿಯೊಂದನ್ನೇ ನಂಬಿ ಪದರಗಳನ್ನು ವಿಂಗಡಿಸುವ ಪದ್ಧತಿಗೆ ಇದು ಎಚ್ಚರಿಕೆಯಾಗಬೇಕು. ಜನಪದ ಮಹಾಕಾವ್ಯಗಳಲ್ಲಿ ಸರಳವಾದುದು ಪ್ರಾಚೀನ, ಅದ್ಭುತವಾದುದು ಪ್ರಕ್ಷಿಪ್ತ ಎಂದು ತೀರ್ಪು ನೀಡುವಾಗಲೂ ಇದೇ ಅಪಾಯವಿದೆ. ಅಲ್ಲಿ ತಾಳೆನೋಡಲು ಹಳೆಯ ದಾಸ್ತಾನು ಇರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಮೂಲ ದೊರೆತರೂ ಅದು ಏಕೈಕ ಅಧಿಕೃತ ಪಾಠವಾಗಲಿಲ್ಲ. ಕ್ರೌದರ್ ಮತ್ತು ವುಡ್ಸ್ ಅವರ ಅನುಮತಿಯೊಡನೆ ಎರಿಕ್ ರೇಮಂಡ್ 2017ರಲ್ಲಿ ಮುಕ್ತ ಪರವಾನಗಿಯಡಿ ಹೊರತಂದ ಆವೃತ್ತಿಗೆ ಆಧಾರವಾದದ್ದು ವುಡ್ಸ್ ಅವರ 1995ರ ಪಾಠ. ಸಂಕೇತವನ್ನು ಆಧುನಿಕಗೊಳಿಸಿದರೂ, ಹಳೆಯ ಆಟದ ಅನುಭವ ಬೇಕೆನ್ನುವವರಿಗೆ ಪ್ರತ್ಯೇಕ ಆಯ್ಕೆಯನ್ನು ಅಲ್ಲಿ ಉಳಿಸಲಾಗಿದೆ. ಪರಿಷ್ಕರಣೆ ಮಾಡಿಯೂ ಹಳೆಯ ರೂಪವನ್ನು ಕಾಣಗೊಡುವ ಈ ಕ್ರಮ ಗ್ರಂಥಸಂಪಾದನೆಯ ಒಳ್ಳೆಯ ಶಿಸ್ತಿಗೆ ಹತ್ತಿರವಾದುದು.

ನೆನಪಿನಿಂದ ಹುಟ್ಟಿದ ಆಟ ಮತ್ತು ಪರವಾನಗಿಯ ವ್ಯಾಜ್ಯ

ಎರಡನೆಯ ಉದಾಹರಣೆ ‘ಮೋರಿಯಾ’. ಒಕ್ಲಹೋಮ ವಿಶ್ವವಿದ್ಯಾಲಯದ ರಾಬರ್ಟ್ ಅಲನ್ ಕೋನೆಕೆ ‘ರೋಗ್’ ಎಂಬ ಆಟದ ಗೀಳು ಹತ್ತಿಸಿಕೊಂಡಿದ್ದರು. ಆ ಆಟವಿಲ್ಲದ ಗಣಕಕ್ಕೆ ಕೆಲಸ ಬದಲಾದಾಗ ಅದರ ಮಾದರಿಯಲ್ಲಿ ತಮ್ಮದೇ ಆಟವನ್ನು 1981ರಿಂದ ಕಟ್ಟತೊಡಗಿದರು. ಕೇಳಿದ ಕಥೆಯನ್ನು ಬೇರೆ ಊರಿನಲ್ಲಿ ತನ್ನ ಮಾತಿನಲ್ಲಿ ಹೇಳುವ ಕಥೆಗಾರನ ರೀತಿಯೇ ಇದು. ಪ್ಯಾಸ್ಕಲ್ ಭಾಷೆಯಲ್ಲಿದ್ದ ಮೋರಿಯಾವನ್ನು ಜಿಮ್ ವಿಲ್ಸನ್ ಸಿ ಭಾಷೆಗೆ ತಂದರು. ಆ ಮೂಲಕ ಅದು ಯುನಿಕ್ಸ್ ಗಣಕಗಳಿಗೆ ಹರಡಿತು. ಭಾಷಾಂತರವಿಲ್ಲದಿದ್ದರೆ ಪರಂಪರೆ ತನ್ನ ಗಣಕದೊಡನೆಯೇ ಮುಗಿಯುತ್ತಿತ್ತು. 1990ರಲ್ಲಿ ಇಂಗ್ಲೆಂಡಿನ ವಾರ್ವಿಕ್ ವಿಶ್ವವಿದ್ಯಾಲಯದಲ್ಲಿ ಇದರಿಂದ ‘ಆಂಗ್‌ಬ್ಯಾಂಡ್’ ಹುಟ್ಟಿತು. ಅದರಿಂದ ಹತ್ತಾರು ಕವಲುಗಳು ಒಡೆದವು. ಆಟಗಾರರು ಅವನ್ನು ‘ವೇರಿಯಂಟ್’ ಎಂದೇ ಕರೆಯುವುದು ಜಾನಪದ ಅಧ್ಯಯನಕಾರರಿಗೆ ಕುತೂಹಲದ ಸಂಗತಿ.

ಆದರೆ ಈ ವಂಶಾವಳಿಯ ಬುಡದಲ್ಲಿ ಒಂದು ನಿಬಂಧನೆಯಿತ್ತು: ಲಾಭದ ಉದ್ದೇಶಕ್ಕೆ ಬಳಸುವಂತಿಲ್ಲ. 1998ರಲ್ಲಿ ರೂಪುಗೊಂಡ ‘ಓಪನ್ ಸೋರ್ಸ್’ ವ್ಯಾಖ್ಯೆ ಬಳಕೆಯ ಉದ್ದೇಶದ ಮೇಲೆ ನಿರ್ಬಂಧವನ್ನು ಒಪ್ಪುವುದಿಲ್ಲ. ಹೀಗಾಗಿ ವರ್ಷಾನುಗಟ್ಟಲೆ ಯಾರು ಬೇಕಾದರೂ ಓದಿ ತಿದ್ದುತ್ತಿದ್ದ ಕೃತಿ ‘ಮುಕ್ತ’ವಲ್ಲವೆಂದು ನಿರ್ಣಯವಾಯಿತು. ಡೆಬಿಯನ್ ಸಂಸ್ಥೆ ಈ ಆಟಗಳನ್ನು ಮುಕ್ತವಲ್ಲದ ವಿಭಾಗದಲ್ಲಿರಿಸಿತು. ಪರವಾನಗಿ ಬದಲಿಸಲು ಸಂಕೇತಕ್ಕೆ ಕೈಹಾಕಿದ ಪ್ರತಿಯೊಬ್ಬರ ಸಮ್ಮತಿ ಬೇಕು; ಸಮ್ಮತಿ ದೊರೆಯದ ಭಾಗವನ್ನು ಹೊಸದಾಗಿ ಬರೆಯಬೇಕು. ಈ ದೀರ್ಘ ಪ್ರಯತ್ನ ಫಲಿಸಿ 2008ರಲ್ಲಿ ಮೋರಿಯಾ, 2009ರಲ್ಲಿ ಆಂಗ್‌ಬ್ಯಾಂಡ್ ಮುಕ್ತ ಪರವಾನಗಿಗೆ ಒಳಪಟ್ಟವು.

ಹೋಲಿಕೆಯ ಮಿತಿ

ಇಲ್ಲಿ ‘ಆಧುನಿಕ ಜಾನಪದ’ ಎಂಬ ಮಾತು ಎರಡೂ ಕಡೆ ತಪ್ಪುತ್ತದೆ. ತಂತ್ರಾಂಶ ಅನಾಮಧೇಯವಲ್ಲ, ಯಾವ ತಿದ್ದುಪಡಿ ಯಾರದೆಂಬ ದಾಖಲೆ ಇರುವುದರಿಂದಲೇ ಸಮ್ಮತಿಯನ್ನು ಕೇಳುವುದು ಸಾಧ್ಯವಾಯಿತು. ಜಾನಪದವೂ ಯಾರ ಸ್ವತ್ತೂ ಅಲ್ಲದ ಬಯಲಲ್ಲ. ಮಂಟೇಸ್ವಾಮಿ ಕಾವ್ಯವನ್ನು ಹಾಡುವ ನೀಲಗಾರರಿಗೆ ದೀಕ್ಷೆಯೇ ಅಧಿಕಾರ. ಮಲೆಮಾದೇಶ್ವರನ ದೇವರಗುಡ್ಡರ ಪರಂಪರೆಯೂ ಅಂತಹುದೇ. ಪರವಾನಗಿ ಕಾಗದದಲ್ಲಿರದೆ ಸಂಪ್ರದಾಯದಲ್ಲಿತ್ತು. ಅದನ್ನು ಕಾಣದೆ ಹೋದದ್ದು ಸಂಗ್ರಾಹಕರ ದೃಷ್ಟಿದೋಷ.

ಈ ದೋಷದ ಪರಿಣಾಮ ಸಣ್ಣದಲ್ಲ. ಹಾಡಿದವರ ಹೆಸರನ್ನು ಬಿಟ್ಟು ‘ಜನಪದರು’ ಎಂಬ ಸಾಮೂಹಿಕ ಕರ್ತೃವನ್ನು ನಿಲ್ಲಿಸಿದ ಸಂಕಲನಗಳಲ್ಲಿ ಸಮ್ಮತಿಯನ್ನು ಯಾರಿಂದ ಕೇಳಬೇಕೆಂಬ ಪ್ರಶ್ನೆಯೇ ಅಳಿದುಹೋಗುತ್ತದೆ. ಪಾಠ ಚಲನಚಿತ್ರಕ್ಕೋ ಧ್ವನಿಸುರುಳಿಗೋ ಹೋದಾಗ ಗಾಯಕನ ಕುಟುಂಬಕ್ಕೆ ಹಕ್ಕು ಸಾಧಿಸಲು ಆಧಾರವಿರುವುದಿಲ್ಲ. ಲೌರಿ ಹಾಂಕೊ 1998ರಲ್ಲಿ ಪ್ರಕಟಿಸಿದ ತುಳುವಿನ ಸಿರಿ ಮಹಾಕಾವ್ಯದ ಶೀರ್ಷಿಕೆಯಲ್ಲೇ ಗಾಯಕ ಗೋಪಾಲ ನಾಯ್ಕರ ಹೆಸರಿದೆ. ಅದು ಸೌಜನ್ಯ ಮಾತ್ರವಲ್ಲ, ಪಾಠವು ಒಬ್ಬ ವ್ಯಕ್ತಿಯ ಒಂದು ಸಂದರ್ಭದ ರಚನೆ ಎಂಬ ಶಾಸ್ತ್ರೀಯ ನಿಲುವು.

ಒಟ್ಟಿನಲ್ಲಿ, ತಂತ್ರಾಂಶವನ್ನು ಜಾನಪದವೆಂದು ಕರೆಯುವುದರಿಂದ ಎರಡಕ್ಕೂ ವಿಶೇಷ ಲಾಭವಿಲ್ಲ. ಪಾಠಾಂತರಗಳನ್ನು ಒಂದರ ಪಕ್ಕ ಒಂದಿಟ್ಟು ಉಳಿಸಿಕೊಳ್ಳುವುದು, ಪ್ರತಿ ಕೈಯ ಹೆಸರನ್ನು ದಾಖಲಿಸುವುದು, ಬದಲಾವಣೆಗೆ ಮುನ್ನ ಸಮ್ಮತಿ ಪಡೆಯುವುದು: ಈ ಮೂರು ರೂಢಿಗಳನ್ನು ಆಟಗಳ ಪಾಲಕರು ವ್ಯಾಜ್ಯಗಳ ಮೂಲಕವೇ ಕಲಿತರು. ಜಾನಪದ ಸಂಪಾದನೆಯೂ ಅವನ್ನು ತನ್ನ ನಿಯಮವಾಗಿ ಅಂಗೀಕರಿಸಬೇಕಾಗಿದೆ.