ಸೈನ್ ಮಾಡಿ ಸಾರ್, ಸಾಕು

ಹತ್ತು-ಹನ್ನೆರಡು ವರ್ಷದ ಹಿಂದಿನ ಮಾತು. ಬೆಂಗಳೂರಲ್ಲಿ ಫ್ಲ್ಯಾಟ್ ಕೊಳ್ಳಲು ಹೋಗಿದ್ದೆ. ಅಡ್ವಾನ್ಸ್ ಕೊಟ್ಟಾದ ಮೇಲೆ ದಪ್ಪನೆಯ ಕರಾರುಪತ್ರ ಮುಂದಿಟ್ಟರು. ನಾನು ಕನ್ನಡಕ ತೆಗೆದು ಓದಲು ಕೂತಿದ್ದೇ ತಪ್ಪಾಯ್ತು. "ಸಾರ್, ಸ್ಟ್ಯಾಂಡರ್ಡ್ ಫಾರ್ಮ್ಯಾಟು, ಎಲ್ರೂ ಸೈನ್ ಮಾಡ್ತಾರೆ" ಅಂದ ಹುಡುಗ. ನಾನು ಕಂತು ತಡಮಾಡಿದರೆ ಭಾರೀ ಬಡ್ಡಿ, ಅವರು ಮನೆ ತಡಮಾಡಿದರೆ ಪುಡಿಗಾಸು. ಇದೊಂದು ಸಾಲು ತಿದ್ದಿ ಅಂದೆ. "ಆಗಲ್ಲ ಸಾರ್." ಸಹಿ ಹಾಕಿ ಬಂದೆ.

ನಮ್ಮ ಕರಾರು ಕಾಯ್ದೆ 1872ರದ್ದು. ಇಬ್ಬರು ಎದುರುಬದುರು ಕೂತು, ಮಾತಾಡಿ, ಮನಸಾರೆ ಒಪ್ಪಿದರೆ ಕರಾರು ಎಂಬುದು ಅದರ ಕಲ್ಪನೆ. ಇಲ್ಲಿ ಮಾತುಕತೆ ಎಲ್ಲಿತ್ತು? ಒಪ್ಪು, ಇಲ್ಲವೇ ಎದ್ದು ಹೋಗು ಅನ್ನುವುದನ್ನು ಒಪ್ಪಿಗೆ ಅಂತ ಕರೆಯುವುದೇ ಒಂದು ಸುಳ್ಳು.

ನ್ಯಾಯಾಲಯಗಳಿಗೆ ಇದು ಗೊತ್ತಿಲ್ಲ ಅಂತಲ್ಲ. ಕಾರಣ ಕೊಡದೆ ಮೂರು ತಿಂಗಳ ನೋಟಿಸಿನಲ್ಲಿ ಕಾಯಂ ನೌಕರನನ್ನು ಮನೆಗೆ ಕಳಿಸುವ ಷರತ್ತನ್ನು ಸುಪ್ರೀಂ ಕೋರ್ಟ್ 1986ರಲ್ಲೇ ಬ್ರೋಜೋನಾಥ್ ಗಂಗೂಲಿ ಪ್ರಕರಣದಲ್ಲಿ ಹೊಡೆದುಹಾಕಿತು. 2019ರಲ್ಲಿ ಪಯೋನಿಯರ್ ಅರ್ಬನ್ ಪ್ರಕರಣ ಬಂತು. ಕೊಳ್ಳುವವನು ತಡಮಾಡಿದರೆ ಶೇ. 18 ಬಡ್ಡಿ, ಬಿಲ್ಡರ್ ಹಣ ಮರಳಿಸಲು ತಡಮಾಡಿದರೆ ಶೇ. 9. ಅದೂ ತಿಂಗಳುಗಟ್ಟಲೆ ಕಾದ ಮೇಲೆ. ಇಂಥ ಏಕಪಕ್ಷೀಯ ಷರತ್ತಿಗೆ ಕೊಳ್ಳುವವನನ್ನು ಕಟ್ಟಿಹಾಕುವಂತಿಲ್ಲ ಅಂತ ತೀರ್ಪಾಯ್ತು. ಆದರೆ ಅದು ಸುಪ್ರೀಂ ಕೋರ್ಟ್ ತನಕ ಹೋದವರ ಕಥೆ. ನಮ್ಮಂಥವರು ಅಲ್ಲಿಗೆ ಹೋಗ್ತೀವಾ?

ತಮಾಷೆ ಕೇಳಿ. 2016ರ ರೇರಾ ಕಾಯ್ದೆ ಇಬ್ಬರಿಗೂ ಬಡ್ಡಿ ದರ ಒಂದೇ ಇರಬೇಕು ಅಂದುಬಿಟ್ಟಿತು. ಬದಲಿಸಲು ಆಗೋದೇ ಇಲ್ಲ ಅಂದಿದ್ದ ಸಾಲು ಬದಲಾಯ್ತು. ಬಿಲ್ಡರುಗಳೇನೂ ಮನೆ ಕಟ್ಟೋದು ಬಿಡಲಿಲ್ಲ. ಅಂದರೆ "ಆಗಲ್ಲ" ಅಂದಿದ್ದು "ಮಾಡಲ್ಲ" ಅನ್ನುವುದರ ಸಭ್ಯ ರೂಪ ಅಷ್ಟೇ.

ಸಾಲ, ವಿಮೆ, ನೌಕರಿಯ ಬಾಂಡು, ಮೊಬೈಲಿನ "ಐ ಅಗ್ರೀ" — ಇಲ್ಲೆಲ್ಲ ಇನ್ನೂ ಅದೇ ರಾಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ "ಅನ್ಯಾಯದ ಕರಾರು" ಎಂದರೇನು ಅಂತ ಚೆನ್ನಾಗಿಯೇ ಬರೆದಿದೆ. ಆದರೆ ಆ ದೂರನ್ನು ಕೇಳುವ ಅಧಿಕಾರ ಕೊಟ್ಟದ್ದು ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ. ಮನೆ ಹತ್ತಿರದ ಜಿಲ್ಲಾ ಆಯೋಗಕ್ಕೆ ಇಲ್ಲ. ಊಟ ಬಡಿಸಿ ಎಲೆಯನ್ನು ಅಟ್ಟದ ಮೇಲಿಟ್ಟ ಹಾಗೆ.

ಸಹಿ ಮನೆ ಬಾಗಿಲಲ್ಲೇ ತಗೋತಾರೆ ಅಂದಮೇಲೆ ದೂರನ್ನೂ ಊರಲ್ಲೇ ತಗೊಳ್ಳಲಿ. ನಾನು ಕೇಳುತ್ತಿರುವುದು ಇಷ್ಟೇ.