ಯರವಡಾದಲ್ಲಿ ಓಣಿ ಉಳಿಯಿತು, ಮಾದರಿ ಉಳಿಯಲಿಲ್ಲ

ಕೊಳೆಗೇರಿಯವರಿಗೆ ಮನೆ ಕೊಡಲು ಮಹಾರಾಷ್ಟ್ರದಲ್ಲಿ ಎರಡು ದಾರಿ ರೂಢಿಯಾಗಿವೆ: ಊರಾಚೆಗೆ ಸಾಗಿಸುವುದು, ಇಲ್ಲವೇ ಜಾಗವನ್ನು ಬಿಲ್ಡರ್‌ಗೆ ಒಪ್ಪಿಸಿ ಅದರದೇ ಮೂಲೆಯಲ್ಲಿ ಬಹುಮಹಡಿ ಏರಿಸುವುದು. 2009ರ ಹೊತ್ತಿಗೆ ಪುಣೆಯ ಯರವಡಾದಲ್ಲಿ ಶುರುವಾದ ಯೋಜನೆ ಎರಡನ್ನೂ ಬಿಟ್ಟು ಇದ್ದಲ್ಲೇ ಕಟ್ಟಿತು. ಹಣ ಮುಖ್ಯವಾಗಿ ಕೇಂದ್ರ ಸರ್ಕಾರದ ನಗರ ನವೀಕರಣ ಯೋಜನೆಯಾದ ನರ್ಮ್‌ನದು. ಕೆಲಸ ನಡೆಸಿದ್ದು ಸ್ಪಾರ್ಕ್ ಸಂಸ್ಥೆ, ಮಹಿಳಾ ಮಿಲನ್‌ನ ಉಳಿತಾಯ ಗುಂಪುಗಳು, ಹಾಗೂ ನಮ್ಮ ಕೆಜಿಎಫ್‌ನಲ್ಲಿ ಹುಟ್ಟಿದ ಜೋಕಿನ್ ಅರ್ಪುತಮ್ ಕಟ್ಟಿದ ಕೊಳೆಗೇರಿ ನಿವಾಸಿಗಳ ಒಕ್ಕೂಟ.

ಯೋಜನೆಯ ಜಾಣತನ ಇರುವುದು ಅದು ಮುಟ್ಟದೆ ಬಿಟ್ಟದ್ದರಲ್ಲಿ. ಕೆಡವಿದ್ದು ಕಚ್ಚಾ ಮನೆಗಳನ್ನು ಮಾತ್ರ. ಪಕ್ಕದ ಗಟ್ಟಿ ಮನೆಗೆ ಹಾರೆ ತಾಗಲಿಲ್ಲ. ವಾಸ್ತುಶಿಲ್ಪಿ ಪ್ರಸನ್ನ ದೇಸಾಯಿ ಅವರ ನಕ್ಷೆ ಓಣಿಯ ಅಂಕುಡೊಂಕನ್ನೂ ಹಾಗೆಯೇ ಒಪ್ಪಿಕೊಂಡಿತು. 270 ಚದರಡಿಯ ಮನೆ, ಒಳಗೇ ಕಕ್ಕಸು. ಅಂಗೈಯಗಲ ಜಾಗವಿದ್ದವರು ನೆರೆಯವರ ಜೊತೆ ಕೂಡಿ ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಹಂಚಿಕೊಂಡರು. ವೆಚ್ಚ ಸುಮಾರು 3 ಲಕ್ಷ ರೂಪಾಯಿ; ಅದರಲ್ಲಿ ಶೇ 10ರಷ್ಟು ಕುಟುಂಬದ ಪಾಲು. ಹೀಗಾಗಿ ಮನೆಗೆಲಸದ ಹೆಂಗಸಿಗೆ ಕೆಲಸದ ಮನೆ ದೂರವಾಗಲಿಲ್ಲ, ಮಗುವನ್ನು ನೋಡಿಕೊಳ್ಳುವ ಪಕ್ಕದ ಮನೆಯ ಅಜ್ಜಿಯೂ ಅಲ್ಲೇ ಉಳಿದಳು.

ಇದಕ್ಕೆ ತೆತ್ತ ಬೆಲೆಯೂ ಕಡಿಮೆಯಲ್ಲ. ಕಿರಿದಾದ ಓಣಿ ಉಳಿದು ಮನೆಗಳು ಎತ್ತರವಾದರೆ ಕೆಳಗಿನ ಕೋಣೆಗೆ ಬೆಳಕು ಕಡಿಮೆ. ಲಾರಿ ನುಗ್ಗದ ಕಡೆ ಮರಳು, ಸಿಮೆಂಟು ತಲೆಹೊರೆಯಲ್ಲೇ ಹೋಗಬೇಕು. ಮನೆ ಏಳುವ ತನಕ ಬಾಡಿಗೆಯ ಹೊರೆ ಕುಟುಂಬದ ಮೇಲೆ. ನಾಲ್ವರಿಗೂ ಒಂಬತ್ತು ಜನರಿಗೂ ಅದೇ 270 ಚದರಡಿ. ದಾಖಲೆ ಇಲ್ಲದ ಬಾಡಿಗೆದಾರನನ್ನು ಇಂಥ ಯೋಜನೆಗಳ ಫಲಾನುಭವಿ ಪಟ್ಟಿ ಲೆಕ್ಕಕ್ಕೆ ಹಿಡಿಯುವುದೇ ಕಷ್ಟ. ಓಣಿಯಲ್ಲಿ ಎಲ್ಲರಿಗಿಂತ ಬಡವ ಬಹುಪಾಲು ಅವನೇ.

ಆದರೂ ದೊಡ್ಡ ಕೊರತೆ ಯರವಡಾದ ಹೊರಗಿದೆ. 2015ರಲ್ಲಿ ನರ್ಮ್ ಜಾಗಕ್ಕೆ ಪ್ರಧಾನಮಂತ್ರಿ ಆವಾಸ್ ಯೋಜನೆ ಬಂತು. ಆಗ ಅದರಲ್ಲಿ ಇದ್ದಲ್ಲೇ ಪುನರ್ವಸತಿ ಎಂದರೆ ಜಮೀನಿನ ಬೆಲೆಯನ್ನು ನೆಚ್ಚಿಕೊಂಡ ಖಾಸಗಿ ಬಿಲ್ಡರ್ ಎಂದೇ ಆಗಿತ್ತು. ಸ್ವಂತ ಮನೆ ಕಟ್ಟಿಕೊಳ್ಳಲು ನೆರವು ಬೇಕಿದ್ದರೆ ಜಾಗದ ಕಾಗದಪತ್ರ ತೋರಿಸಬೇಕಿತ್ತು. ಬಿಲ್ಡರ್ ಬೇಡದ, ಕಾಗದವೂ ಇಲ್ಲದ ಯರವಡಾದಂಥ ಕೇರಿಗೆ ಎರಡೂ ಬಾಗಿಲು ಮುಚ್ಚಿದವು. ಸಂಸ್ಥೆಗಳು ಸಮೀಕ್ಷೆ ಮಾಡಬಲ್ಲವು, ಜನರನ್ನು ಒಪ್ಪಿಸಬಲ್ಲವು, ಕಟ್ಟಿಸಲೂ ಬಲ್ಲವು. ಜಾಗದ ಹಕ್ಕು ಕೊಡುವುದು ಸರ್ಕಾರದ ಕೆಲಸ. ಅದಾಗದೆ ಯರವಡಾ ಇನ್ನೊಂದು ಊರಿಗೆ ದಾಟದು.